ಲೈನ್ ಯಾರ ಹೆಸರಿನಲ್ಲಿದೆ

ಮಹಾಂತೇಶನ ಜೊತೆ ಶಾಂತಲಾ ಆಡಿದ ಮೊದಲ ಮಾತೇ ಜಗಳ.

ಹೋದ ಆಗಸ್ಟಿನ ಒಂದು ಬೆಳಿಗ್ಗೆ. ನ್ಯಾಮತಿ ರಸ್ತೆಯ ಸಬ್‌ಸ್ಟೇಷನ್ನಿನಲ್ಲಿ ಡ್ಯೂಟಿಗೆ ಕೂತವಳು ಇನ್ನೂ ಚಹಾ ಕುಡಿದಿರಲಿಲ್ಲ. ಫೋನ್ ರಿಂಗಾಯಿತು. ಆ ಕಡೆ ಗಾಳಿಯ ಸದ್ದು, ಯಾವುದೋ ಟ್ರ್ಯಾಕ್ಟರಿನ ಗುಡುಗುಡು, ಅವುಗಳ ನಡುವೆ ಗಂಡಸಿನ ದಪ್ಪ ದನಿ.

"ನಾಲ್ಕನೇ ಫೀಡರ್ ತೆಗೀರಿ."

"ಯಾರು ಮಾತಾಡೋದು?"

"ಲೈನ್‌ಮನ್. ಬೇಗ ತೆಗೀರಿ, ಕಂಬದ ಬುಡದಾಗೆ ನಿಂತೀನಿ."

"ಹೆಸರು ಹೇಳ್ರಿ. ಯಾವ ಕಂಬದಿಂದ ಯಾವ ಕಂಬದ ತನಕ? ಏನು ಕೆಲಸ? ಎಷ್ಟು ಹೊತ್ತು ಬೇಕು?"

ಆ ಕಡೆ ಟ್ರ್ಯಾಕ್ಟರ್ ಮಾತ್ರ ಕೇಳಿಸಿತು. ಆಮೇಲೆ, "ಏನ್ ಮೇಡಂ, ಗಂಡಿನ ಕಡೆಯೋರು ಹೆಣ್ಣು ನೋಡಾಕೆ ಬಂದಂಗೆ ಕೇಳ್ತೀರಲ್ಲ?"

"ಹೆಣ್ಣು ನೋಡಾಕೆ ಬಂದೋರು ಇಷ್ಟು ಕೇಳಲ್ಲ. ಸಂಬಳ ಎಷ್ಟು ಅಂತ ಕೇಳಿ ಸುಮ್ನಾಗ್ತಾರೆ. ಹೆಸರು?"

"ಮಹಾಂತೇಶ," ಎಂದ ಅವನು, ಸೋತವನ ಹಾಗೆ.

ಲೈನಿನ ಮೇಲೆ ಕೆಲಸ ಮಾಡುವವರು ಮೊದಲು ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳಬೇಕು. ಲೈನ್ ಕ್ಲಿಯರ್ ಅನ್ನುವುದನ್ನೇ ಎಲ್ಲರೂ ಹಾಗೆ ಕರೆಯುತ್ತಾರೆ. ಆಪರೇಟರ್ ಆ ಫೀಡರಿಗೆ, ಎಂದರೆ ಸ್ಟೇಷನ್ನಿನಿಂದ ಹಳ್ಳಿಗಳಿಗೆ ಹೋಗುವ ಆ ಲೈನಿಗೆ, ಕರೆಂಟು ಕಡಿಯಲು ಅದರ ಬ್ರೇಕರನ್ನು ತೆರೆದು, ಅದನ್ನು ಹೊರಗೆಳೆದು, ಬೀಗ ಹಾಕಿ, ಪುಸ್ತಕದಲ್ಲಿ ಹೆಸರು ಮತ್ತು ಗಂಟೆ ಬರೆದು ಒಂದು ನಂಬರ್ ಕೊಡುತ್ತಾರೆ. ಕಂಬದ ಬುಡದಲ್ಲಿರುವವನು ಆ ನಂಬರನ್ನು ತಿರುಗಿ ಹೇಳಬೇಕು. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಫೋನ್ ಮಾಡಿ ಎಲ್‌ಸಿ ಹಿಂದಿರುಗಿಸಬೇಕು. ಅಲ್ಲಿಯವರೆಗೆ ಆ ಲೈನ್ ಅವನ ಹೆಸರಿನಲ್ಲಿದೆ. ಉಳಿದವರು "ಅಕ್ಕಾ, ತೆಗೀರಿ", "ಅಕ್ಕಾ, ಹಾಕ್ರಿ" ಎಂಬ ಎರಡು ಮಾತಿನಲ್ಲಿ ಮುಗಿಸುತ್ತಿದ್ದುದನ್ನು ಶಾಂತಲಾ ಒಪ್ಪುತ್ತಿರಲಿಲ್ಲ. ಹೊನ್ನಾಳಿಯಲ್ಲಿ ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಪ್ರತಿ ಅಳತೆಯನ್ನು ಮೂರು ಸಲ ತೆಗೆದುಕೊಳ್ಳುತ್ತಿದ್ದವಳು ಅವಳು. ಮೂವತ್ಮೂರನೇ ವಯಸ್ಸಿಗೂ ಆ ಅಭ್ಯಾಸ ಹೋಗಿರಲಿಲ್ಲ.

"ಎಲ್‌ಸಿ ನಂಬರ್ ನೂರ ಹನ್ನೆರಡು," ಎಂದಳು.

"ನೂರ ಹನ್ನೆರಡು. ಇನ್ನೇನಾದ್ರೂ ಹೇಳ್ಬೇಕೇನ್ರಿ? ಗೋತ್ರ?"

ಅವಳು ಫೋನಿಟ್ಟಳು. ಇಟ್ಟ ಮೇಲೆ ನಕ್ಕಳು.

*

ಅವನು ಜಗಳೂರು ಕಡೆಯವನು, ಬಿಳಿಚೋಡಿನವನು ಎಂದು ಆಮೇಲೆ ಗೊತ್ತಾಯಿತು. ಹೊಸದಾಗಿ ವರ್ಗವಾಗಿ ಬಂದಿದ್ದ. ಅವನ ಪಾಲಿಗೆ ಬಂದದ್ದು ನಾಲ್ಕನೇ ಫೀಡರಿನ ತುದಿ, ಸ್ಟೇಷನ್ನಿನಿಂದ ಹದಿನೆಂಟು ಕಿಲೋಮೀಟರ್. ಅವನ ಆಫೀಸು ಬೇರೆ ಊರಿನಲ್ಲಿತ್ತು. ಸ್ಟೇಷನ್ನಿಗೆ ಬರುವ ಕೆಲಸವೇ ಬೀಳುತ್ತಿರಲಿಲ್ಲ. ಎಂಟು ತಿಂಗಳು ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನೋಡದಿದ್ದರೂ ಅವಳಿಗೆ ಅವನ ದಿನವೆಲ್ಲ ತಿಳಿಯುತ್ತಿತ್ತು. ಏದುಸಿರಿದ್ದರೆ ಕಂಬದಿಂದ ಈಗಷ್ಟೇ ಇಳಿದಿದ್ದಾನೆ. ದನಿ ಒಣಗಿದ್ದರೆ ಮಧ್ಯಾಹ್ನದ ಊಟ ತಪ್ಪಿದೆ.

"ಕೆಲಸ ಏನು?" ಎಂದು ಅವಳು ಕೇಳಿದರೆ, "ಕೊಂಬೆ ಕಡಿಯೋದು. ಒಂದು ಕೊಂಬೇಲಿ ಗೂಡು ಐತೆ, ಅದನ್ನ ಬಿಡೋದು. ಎರಡೂ ಬರ್ಕೊಳ್ರಿ," ಎನ್ನುತ್ತಿದ್ದ.

"ಗೂಡಿಗೆ ಕಾಲಂ ಇಲ್ಲ."

"ಹಂಗಾದ್ರೆ ಷರಾ ಅಂತ ಐತಲ್ಲ, ಅಲ್ಲಿ ಬರೀರಿ."

ಅವಳು ಬರೆಯುತ್ತಿರಲಿಲ್ಲ. ಆದರೆ ಷರಾ ಕಾಲಂನ ಮೇಲೆ ಪೆನ್ನು ಒಂದು ಗಳಿಗೆ ನಿಲ್ಲುತ್ತಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ನಾಲ್ಕನೇ ಫೀಡರ್ ಬೆಳಗಿನಿಂದ ಮೂರು ಸಲ ಟ್ರಿಪ್ ಆಯಿತು. ಗಂಟೆ ಹೊಡೆದುಕೊಳ್ಳುತ್ತದೆ, ಬ್ರೇಕರ್ ದಪ್ಪೆಂದು ಬಿಟ್ಟುಕೊಳ್ಳುತ್ತದೆ, ಹನ್ನೊಂದು ಹಳ್ಳಿಗೆ ಕರೆಂಟು ಹೋಗುತ್ತದೆ. ಎಲ್ಲಿ ದೋಷವಿದೆ ಎಂದು ತಿಳಿಯದೆ ಪದೇ ಪದೇ ಹಾಕುವುದು ತಪ್ಪು. ಅದು ಜ್ವರದವನನ್ನು ಎಬ್ಬಿಸಿ ಎಬ್ಬಿಸಿ ಗದ್ದೆಗೆ ಕಳಿಸಿದಂತೆ. ಅವಳು ಮತ್ತೆ ಹಾಕದೆ ಬಿಟ್ಟಳು. ಮಹಾಂತೇಶ ಬಿಸಿಲಿನಲ್ಲಿ ಕಂಬ ಕಂಬ ನೋಡುತ್ತ ಹೊರಟ. ನಾಲ್ಕು ಗಂಟೆಗೆ ಫೋನ್ ಬಂತು.

"ಸಿಕ್ತು ಮೇಡಂ. ಒಂದು ಟಿಸಿ ಫ್ಯೂಸಿಗೆ ಏನ್ ಕಟ್ಯಾರೆ ಹೇಳ್ರಿ?"

ಟ್ರಾನ್ಸ್‌ಫಾರ್ಮರನ್ನು ಅಲ್ಲಿ ಎಲ್ಲರೂ ಟಿಸಿ ಎಂದೇ ಕರೆಯುತ್ತಾರೆ.

"ದಪ್ಪ ತಂತಿ?"

"ಬೇಲಿ ತಂತಿ. ಅದೂ ಮೂರೆಳೆ ಹೊಸ್ದು."

"ಯಾರು ಕಟ್ಟಿದ್ದು?"

"ಯಾರು ಅಂತ ಕೇಳಿದ್ರೆ ಇಡೀ ಊರೇ ಆಕಾಶ ನೋಡ್ತೈತೆ."

ಅವಳು ನಕ್ಕಿದ್ದು ಅವನಿಗೆ ಕೇಳಿಸಿತು. ಕೇಳಿಸಿತೆಂದು ಅವನು ತೋರಿಸಿಕೊಳ್ಳಲಿಲ್ಲ. ಆದರೆ ಮುಂದಿನ ಮಾತು ಸ್ವಲ್ಪ ನಿಧಾನವಾಗಿ ಬಂತು.

"ಬೈಯಾಕೂ ಮನಸ್ಸು ಬರಲಿಲ್ಲ ಮೇಡಂ. ಒಬ್ಬ ಯಜಮಾನ್ರು ಅಂದ್ರು, ದಿನಾ ಹೋಗ್ತೈತೆ, ದಿನಾ ಕಟ್ಬೇಕು, ನನಗೂ ಸಾಕಾಗೇತಪ್ಪ, ಅದಕ್ಕೆ ಹೋಗದಂಗೆ ಕಟ್ಟಿಬಿಟ್ಟೆ, ಅಂತ."

"ಹೋಗೋದೇ ಅದರ ಕೆಲಸ ಅಲ್ವೇನ್ರಿ."

"ಅದನ್ನೇ ಹೇಳ್ದೆ. ಸಣ್ಣ ತಂತಿ ಹೋದ್ರೆ ನಿಮ್ಮ ಓಣಿಗೆ ಅಷ್ಟೇ ಕತ್ತಲೆ. ಅದು ಹೋಗದಂಗೆ ಮಾಡಿದ್ರೆ ಮೊದಲು ಟಿಸಿ ಸುಡ್ತೈತೆ, ಆಮೇಲೆ ಹನ್ನೊಂದು ಊರಿಗೆ ಕತ್ತಲೆ, ಅದರ ಮೇಲೆ ಸ್ಟೇಷನ್ನಾಗೆ ಕೂತ ಮೇಡಮ್ಮೋರ ಸಿಟ್ಟು ಬ್ಯಾರೆ, ಅಂದೆ."

"ನನ್ನ ಹೆಸರು ಯಾಕೆ ತೆಗೆದ್ರಿ?"

"ಹೆಸರೆಲ್ಲಿ ತೆಗೆದೆ? ಸಿಟ್ಟು ಅಂದೆ ಅಷ್ಟೇ."

ಶಾಂತಲಾ ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ಯಜಮಾನನ ಮಾತನ್ನೇ ಯೋಚಿಸಿದಳು. ಸರ್ಕ್ಯೂಟಿನಲ್ಲಿ ಎಲ್ಲಕ್ಕಿಂತ ತೆಳುವಾದ ಜಾಗವೊಂದನ್ನು ಬೇಕೆಂದೇ ಇಡುತ್ತಾರೆ. ಕರೆಂಟು ಮಿತಿ ಮೀರಿದರೆ ಕಾಯ್ದು, ಕರಗಿ, ದಾರಿ ಕಡಿದುಕೊಳ್ಳುವುದು ಆ ಜಾಗವೇ. ಉಳಿದದ್ದೆಲ್ಲ ಉಳಿಯುತ್ತದೆ. ಮನುಷ್ಯರಿಗೆ ಮಾತ್ರ ತಮ್ಮಲ್ಲಿ ಅಂಥದೊಂದು ತೆಳು ಜಾಗವಿದೆ ಎಂದು ಒಪ್ಪಿಕೊಳ್ಳಲು ನಾಚಿಕೆ. ದಪ್ಪ ತಂತಿ ಕಟ್ಟಿಕೊಂಡು, ಏನೂ ಆಗಿಲ್ಲವೆಂದು ಓಡಾಡುತ್ತಾರೆ.

*

ಜನವರಿಯಲ್ಲಿ ಅವನು ತನ್ನ ಮದುವೆಯ ವಿಷಯ ಹೇಳಿದ. ಕೇಳಿದ್ದೇನೂ ಇಲ್ಲ, ತಾನಾಗಿ ಬಂತು.

ಅರ್ಧ ದಿನ ಬಂದ್ ಆಗಿದ್ದ ಫೀಡರನ್ನು ಅವಳು ಹಾಕಿದ್ದಳು, ಮರುಕ್ಷಣವೇ ಅದು ಟ್ರಿಪ್ ಆಯಿತು. ಅವನು ಗಾಬರಿಯಿಂದ ಫೋನ್ ಮಾಡಿದ.

"ಮತ್ತೆ ಹೋತಲ್ರಿ? ಲೈನಾಗೆ ಏನೂ ಇಲ್ಲ, ನಾನೇ ನೋಡೀನಿ."

"ಲೈನ್ ಸರಿ ಐತೆ. ಎಲ್ಲರ ಮೋಟಾರೂ ಒಂದೇ ಸಲ ಶುರುವಾದ್ವು. ಮೋಟಾರು ಏಳುವಾಗ ಆರು ಪಟ್ಟು ಕರೆಂಟು ಎಳೀತೈತೆ, ಒಂದೆರಡು ಸೆಕೆಂಡ್. ಆಮೇಲೆ ತಾನೇ ಇಳೀತೈತೆ. ಅಷ್ಟು ಹೊತ್ತು ಕಾಯಬೇಕು ಅಂತ ಬ್ರೇಕರ್ ಬಿಡಿಸೋ ರಿಲೇಗೆ ಹೇಳಿಟ್ಟಿರ್ತಾರೆ. ಇವತ್ತು ಅದಕ್ಕೂ ಮೀರಿ ಬಂತು. ಐದು ನಿಮಿಷ ಬಿಟ್ಟು ಹಾಕ್ತೀನಿ."

"ಅಂದ್ರೆ ದೋಷ ಅಲ್ಲ, ಶುರುವಾತು ಅಷ್ಟೇ."

"ಹೂಂ. ಎರಡೂ ನೋಡಾಕೆ ಒಂದೇ ಥರ ಕಾಣ್ತಾವೆ. ಕಾದು ನೋಡಿದ್ರೆ ಗೊತ್ತಾಗೋದು."

ಆ ಕಡೆ ಅವನು ಎಲ್ಲೋ ಕೂತ ಸದ್ದು. "ನಮಗೆ ಯಾರೂ ಹಂಗೆ ಹೇಳಿಕೊಡಲಿಲ್ಲ ಮೇಡಂ," ಎಂದ. "ಮದುವೆಯಾಗಿ ಒಂಬತ್ತು ತಿಂಗಳಿಗೇ ಆಕೆ ತವರಿಗೆ ಹೋದ್ಲು. ಆಕೆದೇನೂ ತಪ್ಪಿಲ್ಲ. ಗಾಳಿ ಬಂದ ದಿನ ನಾನು ಮನೇಲಿರಲ್ಲ, ಮಳೆ ಬಂದ ದಿನ ಇರಲ್ಲ, ಹಬ್ಬದ ದಿನ ಮೊದಲೇ ಇರಲ್ಲ. ಕೋರ್ಟಿನಾಗೂ ಜಗಳ ಮಾಡಲಿಲ್ಲ, ಇಬ್ಬರೂ ಸೈನ್ ಹಾಕಿದ್ವಿ. ಬರುವಾಗ ಒಂದೇ ಬಸ್ಸಿಗೆ ಬಂದ್ವಿ."

ಶಾಂತಲಾ ಗೋಡೆಯ ಗಡಿಯಾರ ನೋಡಿದಳು. "ಐದು ನಿಮಿಷ ಆಯ್ತು. ಹಾಕ್ತೀನಿ," ಎಂದಳು. ಹಾಕಿದಳು. ಮೀಟರಿನ ಮುಳ್ಳು ಜಿಗಿದು, ತೂಗಿ, ಇಳಿದು ನಿಂತಿತು.

"ನಿಂತಿತೇನ್ರಿ?"

"ನಿಂತಿತು."

ಇಬ್ಬರೂ ಫೋನಿಡಲಿಲ್ಲ.

*

ಮಾರ್ಚಿನಲ್ಲಿ ಚನ್ನಗಿರಿಯಿಂದ ಒಂದು ಸಂಬಂಧ ಬಂತು. ಅಡಿಕೆ ಮಂಡಿಯವರು, ಒಳ್ಳೆಯ ಜನ. ಹುಡುಗನಿಗೆ ಮೂವತ್ತೆಂಟು, ಮಾತು ಕಡಿಮೆ, ಕಾಫಿ ಲೋಟ ತಾನೇ ಒಳಗೆ ತಂದಿಟ್ಟ. ಅವರು ಕೇಳಿದ್ದು ಒಂದೇ: ಪಾಳಿ ಕೆಲಸ ಬಿಡಬೇಕು. ಶಾಂತಲಾಳ ತಾಯಿ ಸರ್ವಮಂಗಳಮ್ಮ ಮಗಳ ಕಣ್ಣ ಕೆಳಗಿನ ಕಪ್ಪು ನೋಡಿ ನೋಡಿ ಸೋತಿದ್ದರು.

"ಎಷ್ಟು ವರ್ಷ ಹಿಂಗೆ ಎದ್ದು ಕೂರ್ತೀಯವ್ವಾ? ಬಿಡು ಅಂತ ಅಂದೋರು ಅವರೊಬ್ಬರೇ. ನಾನೂ ಅಂದಿಲ್ಲ."

ಶಾಂತಲಾಳಿಗೆ ದಣಿವಾಗಿದ್ದುದು ನಿಜ. ಹನ್ನೊಂದು ವರ್ಷದಿಂದ ಗಂಟೆಯ ಸದ್ದಿಗೆ ಬೆಚ್ಚಿ, ಬಸ್ಸಿನಲ್ಲಿ ತೂಕಡಿಸಿ, ಮದುವೆಮನೆಗಳಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದವಳು. ಯಾರಾದರೂ ಬಿಡು ಎಂದರೆ ಬಿಟ್ಟುಬಿಡುವ ಆಸೆ ಅವಳಿಗೂ ಇತ್ತು. ಏಪ್ರಿಲ್ ಎರಡನೇ ಶನಿವಾರ ಚನ್ನಗಿರಿಯವರು ಮಾತು ಮುಗಿಸಲು ಬರುವುದೆಂದಾಯಿತು. ಬೇಡವಾದರೆ ಹಿಂದಿನ ದಿನ, ಶುಕ್ರವಾರ ಸಂಜೆಯೊಳಗೆ ಹೇಳಬೇಕು.

ಅವಳು ಅದನ್ನು ಮಹಾಂತೇಶನಿಗೆ ಹೇಳಿದಳು. ಯಾಕೆ ಹೇಳಿದಳೆಂದು ಅವಳಿಗೂ ಗೊತ್ತು. ಅವನು ಏನಾದರೂ ಅನ್ನಲಿ ಎಂದು.

"ಒಳ್ಳೇದಾತು ಮೇಡಂ," ಎಂದ. "ರೆಸ್ಟ್ ಸಿಗ್ತೈತೆ."

ಅಷ್ಟೇ. ಅವತ್ತಿನಿಂದ ಅವನ ಫೋನುಗಳು ನಿಯಮದ ಪ್ರಕಾರ ಬರತೊಡಗಿದವು. ಹೆಸರು, ಕಂಬ, ಕೆಲಸ, ಗಂಟೆ. ಗೂಡೂ ಇಲ್ಲ, ಗೋತ್ರವೂ ಇಲ್ಲ. ಎಂಟು ತಿಂಗಳ ಹಿಂದೆ ಅವಳೇ ಬಯಸಿದ್ದ ಎಲ್‌ಸಿ ಅದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಂಬರ್ ಬರೆಯುವಾಗ ಪೆನ್ನು ಭಾರವಾಗುತ್ತಿತ್ತು.

*

ಆ ಶುಕ್ರವಾರದ ಹಿಂದಿನ ಮೂರು ದಿನ ಬಿಟ್ಟೂಬಿಡದೆ ಗಾಳಿ. ಕಂಬಗಳು ಬಿದ್ದವು, ತಂತಿಗಳು ಹರಿದವು. ಲೈನ್‌ಮನ್‌ಗಳು ಎಲ್ಲಿ ಮಲಗುತ್ತಿದ್ದಾರೆ, ಮಲಗುತ್ತಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮಹಾಂತೇಶ ನಾಲ್ಕನೇ ಫೀಡರಿಗೆ ಎಲ್‌ಸಿ ತೆಗೆದುಕೊಂಡ. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಅವಳು ಎರಡು ಸಲ ಹೆಸರು ಕೇಳಬೇಕಾಯಿತು. ಒಂದು ಗಂಟೆಗೆ ಅವನ ಜೊತೆಯ ಓಬಳಪ್ಪ ಫೋನ್ ಮಾಡಿದ.

"ಅಕ್ಕಾ, ಕೆಲಸ ಮುಗೀತು. ಹಾಕ್ರಿ."

"ಮಹಾಂತೇಶ್ ಎಲ್ಲಿ?"

"ಕಂಬದಿಂದ ಇಳಿಯೋದು ನೋಡೀನಿ. ನಾವು ಜೀಪಿನಾಗೆ ಮುಂದಿನ ಊರಿಗೆ ಬಂದ್ವಿ. ಅವ್ನು ಬೈಕಿನಾಗೆ ಬರ್ತಾನೆ."

"ಲೈನ್ ಅವರ ಹೆಸರಿನಾಗೆ ಐತೆ ಓಬಳಪ್ಪ. ಅವರೇ ಫೋನ್ ಮಾಡಬೇಕು."

"ಅಯ್ಯೋ, ನಾನು ಹೇಳ್ತಾ ಇದೀನಲ್ಲ ಅಕ್ಕಾ! ನಾನೇನು ಬೇರೆಯೋನಾ?"

"ಬೇರೆಯೋರೇ. ಹೋಗಿ ನೋಡ್ಕೊಂಡು ಬಾ."

"ಇಲ್ಲಿಂದ ತಿರುಗಿ ಹೋಗಾಕೆ ಒಂದು ತಾಸು ಬೇಕು!" ಎಂದು ಗೊಣಗುತ್ತ ಅವನು ಫೋನಿಟ್ಟ. ಹೋಗುತ್ತಾನೆಂದು ಅವಳಿಗೆ ಅನ್ನಿಸಲಿಲ್ಲ.

ಅವಳು ಮಹಾಂತೇಶನಿಗೆ ಫೋನ್ ಮಾಡಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದಳು.

ಒಂದೂವರೆಗೆ ಗೇಟಿನ ಹತ್ತಿರ ರೇಷ್ಮೆ ಪಂಚೆ ಉಟ್ಟ ಒಬ್ಬ ಹಿರಿಯರು ನಿಂತಿದ್ದರು. ನಾಗರಾಜಪ್ಪ ಎಂದು ಹೇಳಿಕೊಂಡರು. ಮಗಳ ಮದುವೆಯ ಬೀಗರ ಊಟ ಅವತ್ತು. "ತಾಯೀ, ಮುನ್ನೂರು ಎಲೆ ಹಾಕೇತಿ. ಬೋರಿನ ನೀರು ಬರ್ತಿಲ್ಲ. ಬೀಗರು ಕೈ ನೆಕ್ಕಿಕೊಂಡು ಕೂತಾರೆ. ನಾನು ಅವರ ಮುಂದೆ ಹೆಂಗೆ ನಿಂತ್ಕೊಳ್ಲಿ?"

"ಲೈನಿನ ಮೇಲೆ ಒಬ್ರು ಇದ್ದಾರೆ ಯಜಮಾನ್ರೆ. ಅವರು ಇಳಿದೆ ಅಂತ ಹೇಳೋ ತನಕ ಆಗಲ್ಲ."

"ಅವರು ಹೇಳೋದು ಯಾವಾಗ?"

"ಗೊತ್ತಿಲ್ಲ."

ಅವರು ಬೈಯಲಿಲ್ಲ. ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು ಗೇಟಿನ ಕಟ್ಟೆಯ ಮೇಲೆ ಕೂತರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಒಂದೂಮುಕ್ಕಾಲಿಗೆ ಸೆಕ್ಷನ್ ಆಫೀಸರ್ ಮಲ್ಲಿಕಾರ್ಜುನಪ್ಪನವರ ಫೋನ್. "ಶಾಂತಲಾ, ಓಬಳಪ್ಪ ನೋಡ್ಯಾನಂತಲ್ಲಮ್ಮ. ನನಗೆ ಮೇಲಿಂದ ಮೇಲೆ ಫೋನು. ಹಾಕಿಬಿಡು."

"ಬರೆದು ಕೊಡ್ರಿ ಸರ್. ವಾಟ್ಸಾಪ್‌ನಾಗೆ ಒಂದು ಸಾಲು ಸಾಕು. ಎಲ್‌ಸಿ ವಾಪಸ್ ಬಂದಿಲ್ಲ, ಆದ್ರೂ ನನ್ನ ಜವಾಬ್ದಾರಿ ಮೇಲೆ ಹಾಕು, ಅಂತ."

ಅವರೂ ಲೈನ್‌ಮನ್ ಆಗಿ ಕೆಲಸಕ್ಕೆ ಸೇರಿದವರೇ. "ನೀನು ಬಲು ಗಟ್ಟಿ," ಎಂದು ಕೊನೆಗೆ ಫೋನಿಟ್ಟರು. ಆ ಸಾಲು ಬರಲಿಲ್ಲ.

ಶಾಂತಲಾ ನಾಲ್ಕನೇ ಪ್ಯಾನೆಲಿನ ಮುಂದೆ ನಿಂತಳು. ಬ್ರೇಕರ್ ತಂತಿಯನ್ನು ಕಾಪಾಡುತ್ತದೆ, ಟ್ರಾನ್ಸ್‌ಫಾರ್ಮರನ್ನು ಕಾಪಾಡುತ್ತದೆ. ಮಿತಿ ಮೀರಿದ ಕರೆಂಟನ್ನು ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಆದರೆ ಮನುಷ್ಯನ ಎದೆಯ ಮೂಲಕ ಹರಿಯುವ ಕರೆಂಟು ನೂರಾರು ಆಂಪಿಯರ್ ಹೊರುವ ಫೀಡರಿಗೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಅದು ಬ್ರೇಕರಿನ ಗಮನಕ್ಕೆ ಬಂದರೂ ಬಂತು, ಬಾರದಿದ್ದರೂ ಇಲ್ಲ. ಬರುವಷ್ಟರಲ್ಲಿ ಆ ಮನುಷ್ಯ ಉಳಿದಿರುವುದಿಲ್ಲ. ಅವನಿಗೆ ಇರುವ ಬ್ರೇಕರು ಇದೊಂದೇ: ಒಂದು ಪುಸ್ತಕ, ಒಂದು ಹೆಸರು, ಇಲ್ಲಿ ಕೂತು ಇಲ್ಲ ಎನ್ನುವ ಒಬ್ಬರು.

ಅವನು ಇಳಿದಿದ್ದನ್ನು ಓಬಳಪ್ಪ ನೋಡಿದ್ದು ನಿಜವಿರಬಹುದು. ಮರೆತ ಇಕ್ಕಳಕ್ಕೋ, ಸಡಿಲವಾದ ನಟ್ಟಿಗೋ ಮತ್ತೆ ಹತ್ತಿದ್ದರೆ? ಹತ್ತಿ, ಮೇಲೆಯೇ ಏನಾದರೂ ಆಗಿದ್ದರೆ?

ಹತ್ತು ನಿಮಿಷಕ್ಕೊಮ್ಮೆ ಮಾಡುತ್ತಿದ್ದ ಫೋನನ್ನು ಐದು ನಿಮಿಷಕ್ಕೊಮ್ಮೆ ಮಾಡತೊಡಗಿದಳು. ಪ್ರತಿ ಸಲವೂ ಗಂಟೆಯನ್ನು ಬರೆದಿಟ್ಟಳು. ಬೇರೇನು ಮಾಡಬೇಕೋ ಕೈಗಳಿಗೆ ಗೊತ್ತಿರಲಿಲ್ಲ. ಅಂಕಿಗಳು ಸೊಟ್ಟಗೆ ಬರುತ್ತಿದ್ದವು.

ಎರಡು ಇಪ್ಪತ್ತಕ್ಕೆ ಫೋನ್ ರಿಂಗಾಯಿತು.

"ಮೇಡಂ... ಮಹಾಂತೇಶ."

ಅವಳು ಕಣ್ಣು ಮುಚ್ಚಿದಳು. "ಹೇಳ್ರಿ."

"ಕೆಲಸ ಮುಗಿದೈತೆ. ಲೈನಿಂದ ನೆಲಕ್ಕೆ ಹಾಕಿದ್ದ ಅರ್ಥಿಂಗ್ ಚೈನ್ ತೆಗೆದೀನಿ. ಜನ ಎಲ್ಲ ಕೆಳಗೆ ಇದ್ದಾರೆ, ಅಂದ್ರೆ ನಾನೊಬ್ಬನೇ, ನಾನು ಕೆಳಗೆ ಇದೀನಿ. ಎಲ್‌ಸಿ ವಾಪಸ್."

ಆ ದನಿಯಲ್ಲಿ ನಿದ್ದೆ ಇನ್ನೂ ಅಂಟಿಕೊಂಡಿತ್ತು. ಮಗುವಿನ ಕೆನ್ನೆಗೆ ಚಾಪೆಯ ಗೆರೆ ಅಂಟಿಕೊಂಡಿರುವ ಹಾಗೆ. ಅವಳಿಗೆ ಎಲ್ಲ ತಿಳಿಯಿತು.

"ಮಲಗಿದ್ರಾ?"

"ಹೊಂಗೆ ಮರದ ಕೆಳಗೆ ಕೂತೆ ಮೇಡಂ. ಶೂ ಬಿಚ್ಚೋಣ ಅಂತ. ಫೋನು ಬೈಕಿನ ಬಾಕ್ಸಿನಾಗಿತ್ತು. ಒಂದು ಶೂ ಬಿಚ್ಚಿದ್ದು ನೆನಪೈತೆ."

ಅವಳಿಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಬೀಗ ತೆಗೆದು, ಬ್ರೇಕರನ್ನು ಒಳಗೆ ತಳ್ಳಿ, ಲೈನ್ ಹಾಕಿದಳು. ಗೇಟಿನ ಕಡೆ ಹೋಗಿ "ಹೋಗ್ರಿ ಯಜಮಾನ್ರೆ, ನೀರು ಬರ್ತೈತೆ," ಎಂದು ಹೇಳಿದಳು. ಒಳಗೆ ಬಂದು ಕುರ್ಚಿಯ ಮೇಲೆ ಕೂತು ಅತ್ತಳು, ಶಬ್ದವಿಲ್ಲದೆ, ಬಹಳ ದಣಿದವರು ಅಳುವ ಹಾಗೆ.

*

ಶುಕ್ರವಾರ ಮಧ್ಯಾಹ್ನ ಅವಳ ಪಾಳಿ ಮುಗಿಯುವ ಹೊತ್ತಿಗೆ ಅವನು ಬಂದ.

ದನಿ ಕೇಳಿ ಎತ್ತರದ ಮನುಷ್ಯನೆಂದುಕೊಂಡಿದ್ದಳು. ಅವನು ಅವಳಷ್ಟೇ ಇದ್ದ. ಹೆಲ್ಮೆಟ್ಟಿನ ಪಟ್ಟಿಯ ಜಾಗದಲ್ಲಿ ಮಾತ್ರ ಗಲ್ಲದ ಬಣ್ಣ ಉಳಿದಿತ್ತು, ಬೇರೆಲ್ಲ ಬಿಸಿಲು ತಿಂದಿತ್ತು. ಬಾಗಿಲಲ್ಲಿ ನಿಂತು ಅವಳನ್ನು ಒಂದು ಸಲ ನೋಡಿದ. ತಕ್ಷಣ ಕಣ್ಣನ್ನು ಎತ್ತಿ ಗೋಡೆಯ ಮೀಟರುಗಳ ಮೇಲಿಟ್ಟ, ಅಲ್ಲೇ ಏನೋ ಓದುವವನ ಹಾಗೆ. ಮತ್ತೆ ಕಣ್ಣು ಮೆಲ್ಲಗೆ ಇಳಿದು ಬಂತು.

"ಮೇಡಂ, ನಾನು..."

"ದನಿ ಗೊತ್ತು. ಕೂತ್ಕೊಳ್ರಿ."

"ಒಂದು ಗಂಟೆ ಇಪ್ಪತ್ತು ನಿಮಿಷ ಯಾಕೆ ಲೇಟಾತು ಅಂತ ಉತ್ತರ ಕೇಳ್ಯಾರೆ. ಪುಸ್ತಕದಾಗಿನ ಗಂಟೆ ನೋಡಿ ಬರೀಬೇಕು."

ಅವಳು ಅವನ ಕೈಯ ಹಾಳೆ ತೆಗೆದುಕೊಂಡು ಓದಿದಳು. ದೊಡ್ಡ ದೊಡ್ಡ ಅಕ್ಷರ. 'ಕೆಲಸ ಮುಗಿಸಿ ಇಳಿದೆ. ಕುಳಿತ ಕಡೆ ನಿದ್ರೆ ಬಂತು. ತಪ್ಪು ನನ್ನದು. ಆಪರೇಟರ್ ಅವರದ್ದು ಏನೂ ಇಲ್ಲ.'

"ನೆಟ್‌ವರ್ಕ್ ಇರಲಿಲ್ಲ ಅಂತ ಬರೀಬಹುದಿತ್ತು. ಎಲ್ಲರೂ ಬರೀತಾರೆ."

"ಬರೀಬಹುದಿತ್ತು. ನಿಮ್ಮ ಪುಸ್ತಕದಾಗೆ ರಿಂಗ್ ಆತು ಅಂತ ಇರ್ತೈತಲ್ಲ, ಸುಳ್ಳು ಯಾರದು ಅಂತ ಆಗ್ತಿತ್ತು."

ಅವಳು ಪುಸ್ತಕವನ್ನು ಅವನ ಮುಂದೆ ತಿರುಗಿಸಿದಳು. ಅವನು ಬೆರಳಿಟ್ಟು ಓದತೊಡಗಿದ. ತನ್ನ ಹೆಸರು. ಹನ್ನೊಂದು ಹತ್ತು. ಅದರ ಪಕ್ಕ ಷರಾ ಕಾಲಂನಲ್ಲಿ, ಕಾಲಂ ಸಾಲದೆ ಅಂಚಿನವರೆಗೂ, ಗಂಟೆಗಳು. 1-05. 1-15. 1-25. ಕೆಳಗೆ ಹೋದಂತೆ ಹತ್ತಿರ ಹತ್ತಿರ. 1-50. 1-55. 2-00. ಅಂಕಿಗಳು ಮೇಲಿನ ಸಾಲುಗಳ ನೇರ ಅಂಕಿಗಳಂತಿರಲಿಲ್ಲ, ಸೊಟ್ಟಗಿದ್ದವು.

ಅವನ ಬೆರಳು ನಿಂತಿತು.

"ಇದನ್ನೆಲ್ಲ ಬರೀಬೇಕು ಅಂತ ನಿಯಮ ಐತೇನ್ರಿ?"

"ಇಲ್ಲ."

ಹೊರಗೆ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆ. ಸಂಜೆಯ ಪಾಳಿಯವರು ಇನ್ನೂ ಬಂದಿರಲಿಲ್ಲ.

"ನೋಡ್ರಿ ಮಹಾಂತೇಶ್," ಎಂದಳು ಶಾಂತಲಾ. "ನಿನ್ನೆ ಬೇರೆ ಯಾರಿದ್ರೂ ನಾನು ಲೈನ್ ಹಾಕ್ತಿರಲಿಲ್ಲ. ಓಬಳಪ್ಪ ಆಗಿದ್ರೂ ಅಷ್ಟೇ."

"ಗೊತ್ತು ಮೇಡಂ. ಅದು ಎಲ್ಲರಿಗೂ ಗೊತ್ತು."

"ಅದು ಗೊತ್ತು. ಆದ್ರೆ ಓಬಳಪ್ಪ ಆಗಿದ್ರೆ ನನ್ನ ಕೈ ನಡುಗ್ತಿರಲಿಲ್ಲ."

ಅವನು ತಲೆಯೆತ್ತಿದ. ಈ ಸಲ ಮೀಟರಿನ ಕಡೆ ನೋಡಲಿಲ್ಲ.

"ನಾನು ಒಳ್ಳೇದಾತು ಅಂದೆ ಅವತ್ತು," ಎಂದ ನಿಧಾನವಾಗಿ. "ಅನ್ನಬಾರದಿತ್ತು. ಆದ್ರೆ ಏನು ಅನ್ಬೇಕಿತ್ತು ಹೇಳ್ರಿ? ಚನ್ನಗಿರಿಯೋರು ನಿಮಗೆ ರೆಸ್ಟ್ ಕೊಡ್ತೀವಿ ಅಂದಾರೆ. ನಾನೇನು ಕೊಡ್ಲಿ? ಗಾಳಿ ಬಂದ ದಿನ ನಾನು ಮನೇಲಿರಲ್ಲ."

"ಗಾಳಿ ಬಂದ ದಿನ ನಾನೂ ಮನೇಲಿರಲ್ಲ."

ಅವನು ನಗಲು ಹೋಗಿ ನಿಲ್ಲಿಸಿದ. "ಒಂದು ಸಲ ಸೋತೀನಿ ಮೇಡಂ."

"ನಿಮಗೆ ಬ್ಯಾಡ ಅಂದ್ರೆ ಬ್ಯಾಡ ಅನ್ರಿ. ಚನ್ನಗಿರಿಯೋರನ್ನ ಹೆಂಗೂ ಬ್ಯಾಡ ಅಂತೀನಿ. ನಿನ್ನೆ ಆ ಒಂದು ತಾಸಿನಾಗೆ ಅದು ಗೊತ್ತಾತು. ಅವರು ಒಳ್ಳೇ ಜನ. ಆದ್ರೆ ನಾನು ಅಲ್ಲಿ ಆರಾಮಾಗಿ ಕೂತು, ಗಾಳಿ ಎದ್ದಾಗೆಲ್ಲ ನಿಮ್ಮ ಲೈನ್ ಯಾರ ಕೈಯಾಗೆ ಐತೋ ಅಂತ ಕಿವಿ ಕೊಟ್ಟು ಕೂತಿರ್ತೀನಿ. ಅದಕ್ಕಿಂತ ಇಲ್ಲಿ ಸುಸ್ತಾಗೋದೇ ವಾಸಿ."

ಅವನು ಬಹಳ ಹೊತ್ತು ತನ್ನ ಕೈಗಳನ್ನು ನೋಡಿಕೊಂಡ. ಗ್ರೀಸಿನ ಕಪ್ಪು ಉಗುರಿನ ಸಂದಿಯಲ್ಲಿತ್ತು. "ಬ್ಯಾಡ ಅನ್ನಾಕೆ ನನ್ನ ಕೈಲಾಗಲ್ಲ," ಎಂದ. "ಆಗೋದಿದ್ರೆ ಇವತ್ತು ಅರವತ್ತು ಪೈಸೆ ಹಾಳೆಗೆ ಗಂಟೆ ಬರ್ಕೊಳ್ಳಾಕೆ ಹದಿನೆಂಟು ಕಿಲೋಮೀಟರ್ ಬರ್ತಿರಲಿಲ್ಲ. ಗಂಟೆ ಫೋನಿನಾಗೆ ಕೇಳಿದ್ರೂ ಆಗ್ತಿತ್ತು."

ಶಾಂತಲಾ ಅವನ ಎದುರೇ ತಾಯಿಗೆ ಫೋನ್ ಮಾಡಿದಳು.

"ಅಮ್ಮಾ, ಚನ್ನಗಿರಿಯೋರಿಗೆ ಬರೋದು ಬ್ಯಾಡ ಅಂತ ಹೇಳಿಬಿಡು."

"ಯಾರಾದ್ರೂ ಇದ್ದಾನೇನು?" ಎಂದರು ಸರ್ವಮಂಗಳಮ್ಮ. ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟು ಶಕ್ತಿ ಅವರಲ್ಲೂ ಉಳಿದಿರಲಿಲ್ಲ.

"ಇದ್ದಾರೆ. ನಮ್ಮ ಲೈನ್‌ಮನ್."

"ಕಂಬ ಹತ್ತೋನಾ?"

"ಹೂಂ. ಇಳಿಯಾಕೂ ಬರ್ತೈತೆ."

"ನಗಬ್ಯಾಡ. ಮೊದಲೊಂದು ಮದುವೆ ಗಿದುವೆ..."

"ಆಗಿತ್ತು. ಮುಗಿದೈತೆ. ಎಲ್ಲ ಹೇಳ್ತೀನಿ ಬಂದು."

ಆ ಕಡೆ ಒಲೆಯ ಮೇಲೆ ಏನೋ ಉಕ್ಕಿದ ಸದ್ದು, ಪಾತ್ರೆ ಇಳಿಸಿದ ಸದ್ದು. ಮಹಾಂತೇಶ ಶಾಲೆಯಲ್ಲಿ ಹೆಡ್‌ಮಾಸ್ಟರ ಕೋಣೆಯ ಹೊರಗೆ ನಿಂತವನ ಹಾಗೆ ಬೆನ್ನು ನೇರ ಮಾಡಿಕೊಂಡು ಕೂತಿದ್ದ.

"ಅಲ್ಲೇ ಇದ್ದಾನೇನು ಈಗ?"

"ಇದ್ದಾರೆ."

ಸರ್ವಮಂಗಳಮ್ಮ ನಿಟ್ಟುಸಿರು ಬಿಟ್ಟರು. "ಊಟ ಮಾಡ್ಯಾನೇನು ಕೇಳು."

ಶಾಂತಲಾ ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿದಳು. "ಅಮ್ಮ ಕೇಳ್ತಾರೆ, ಊಟ ಆಗೇತಾ ಅಂತ."

ಅವನು ಯೋಚಿಸಿದ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದ.

"ನಿನ್ನೇದೋ, ಇವತ್ತಿಂದೋ?" ಎಂದು ಕೇಳಿದ.